ಡಬ್ಬಿ ತೆಗೆದು ತೋರಿಸು

ಜೂನ್ ಮೂರನೇ ವಾರದ ಒಂದು ಸಂಜೆ. ಬೆಂಗಳೂರಿಂದ ಟ್ರೈನಲ್ಲಿ ನಿಂತುಕೊಂಡೇ ಬಂದು, ತುಮಕೂರು ಸ್ಟೇಷನ್ನಿನ ಹೊರಗೆ ನಿಲ್ಲಿಸಿದ್ದ ಗಾಡಿ ತಗೊಂಡು ಮನೆ ಸೇರುವಷ್ಟರಲ್ಲಿ ಏಳೂವರೆ ಆಗಿತ್ತು. ಮಗಳ ಊಟದ ಡಬ್ಬಿ ಸಿಂಕಿನ ಪಕ್ಕ ಮುಚ್ಚಳ ಹಾಕಿಕೊಂಡು ಕೂತಿತ್ತು. ಎತ್ತಿಕೊಂಡರೆ ಭಾರ. ತೆಗೆದೆ. ಬೆಳಿಗ್ಗೆ ನಾನೇ ಕಲಸಿ ಹಾಕಿದ್ದ ಚಿತ್ರಾನ್ನದಲ್ಲಿ ನಾಲ್ಕು ತುತ್ತು ಖಾಲಿಯಾಗಿತ್ತು, ಅಷ್ಟೇ. ಪಕ್ಕದ ಪುಟ್ಟ ಖಾನೆಯಲ್ಲಿ ಬೇಯಿಸಿದ ಮೊಟ್ಟೆಯ ಎರಡು ಹೋಳು, ಮೇಲೆ ಉದುರಿಸಿದ್ದ ಮೆಣಸಿನ ಪುಡಿ ಸಮೇತ ಇಟ್ಟ ಹಾಗೇ ಇದ್ದವು. ಸ್ಕೂಲ್ ಡೈರಿಯಲ್ಲಿ ಕೆಂಪು ಇಂಕಿನ ಒಂದು ಸಾಲು: ದಯವಿಟ್ಟು ಸರ್ಕ್ಯುಲರ್ ಓದಿಕೊಳ್ಳಿ, ಇದು ಮರುಕಳಿಸಬಾರದು.

ಮಗಳು ಎರಡನೇ ಕ್ಲಾಸು. ಏನಾಯ್ತು ಪುಟ್ಟಿ ಅಂತ ಕೇಳಿದೆ. "ಮಿಸ್ಸು ಡಬ್ಬಿ ತೆಗೆದು ತೋರಿಸು ಅಂದ್ರು. ತೋರಿಸ್ದೆ. ಮೊಟ್ಟೆ ಬಿಟ್ಟು ಅನ್ನ ತಿನ್ನು ಅಂದ್ರು. ಎಲ್ಲಾರೂ ನನ್ನೇ ನೋಡ್ತಿದ್ರು ಅಪ್ಪಾ, ಅದಕ್ಕೆ ಮುಚ್ಚಿಟ್ಟೆ." ಮಿಸ್ಸು ಗದರಿರಲಿಲ್ಲ. ಹೊಡೆಯೋ ಮಾತಂತೂ ಇಲ್ಲ. ಒಳ್ಳೆ ಹುಡುಗಿ ಆಕೆ, ನನಗೆ ಗೊತ್ತು. ಮಗಳು ಅವತ್ತು ಸಂಜೆ ಆಡಿಕೊಂಡು ಚೆನ್ನಾಗೇ ಇದ್ದಳು. ಮಲಗೋ ಹೊತ್ತಿಗೆ ಮಾತ್ರ ಡಬ್ಬಿಯನ್ನ ಇನ್ನೊಂದು ಸಲ ತೊಳಿ ಅಂದಳು. ತೊಳೆದೆ. ಮೂಸಿ ನೋಡಿ, ಇನ್ನೂ ಬರ್ತಿದೆ ಅಂದಳು.

ಅದೇ ದಿನ ಅದೇ ಮಧ್ಯಾಹ್ನ, ನಮ್ಮ ಮನೆಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ನನ್ನ ಹೆಂಡತಿ ಒಂದೊಂದು ತಟ್ಟೆಗೂ ಒಂದೊಂದು ಮೊಟ್ಟೆ ಹಾಕಿಸ್ತಾ ನಿಂತಿದ್ದಳು. ಅವಳು ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. (ಸರ್ಕಾರಿ ಶಾಲೆ ಮೇಡಂ ತನ್ನ ಮಗಳನ್ನ ಖಾಸಗಿ ಶಾಲೆಗೆ ಯಾಕೆ ಕಳಿಸ್ತಾರೆ ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಆ ಬೈಗುಳಕ್ಕೆ ನಾವು ಅರ್ಹರೇ. ಅದನ್ನ ಇನ್ನೊಂದು ದಿನ ಬರೀತೀನಿ.) ಒಂದೇ ಜಿಲ್ಲೆ, ಒಂದೇ ವಯಸ್ಸಿನ ಮಕ್ಕಳು, ಒಂದೇ ಮೊಟ್ಟೆ. ಅಲ್ಲಿ ಸರ್ಕಾರ ಕರೆದು ತಿನ್ನು ಅನ್ನುತ್ತೆ, ಇಲ್ಲಿ ಮನೆಯಿಂದ ತಂದಿದ್ದನ್ನ ಮುಚ್ಚಿಡು ಅಂತಾರೆ.

ಸರ್ಕಾರ ಸುಲಭಕ್ಕೆ ಕರೆದು ಕೊಟ್ಟಿದ್ದೂ ಅಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ್, ರಾಯಚೂರು, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಎಷ್ಟು ಗಲಾಟೆಯಾಯ್ತು ಅಂತ ನಿಮಗೂ ನೆನಪಿರಬಹುದು. ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ ನಮಗೆ ಮೊಟ್ಟೆ ಬೇಕು ಅಂತ ಕ್ಯಾಮೆರಾ ಮುಂದೆ ಸಿಟ್ಟಿನಲ್ಲಿ ಹೇಳಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಬಂತು. 2024ರಿಂದ ವಾರದ ಆರೂ ದಿನ ಕೊಡೋ ಹಾಗಾಯ್ತು: ಎರಡು ದಿನದ ಖರ್ಚು ಸರ್ಕಾರದ್ದು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2021ರ ಗಲಾಟೆ ಹೊತ್ತಲ್ಲಿ ನಮ್ಮ ಟ್ರೈನಲ್ಲೂ ದಿನಾ ಇದೇ ವಾದ. ಕಿಟಕಿ ಪಕ್ಕದ ಸೀಟಿನ ಹಿರಿಯರೊಬ್ಬರು ಹೇಳ್ತಿದ್ದ ಮಾತು ಈಗ್ಲೂ ಕಿವಿಯಲ್ಲಿದೆ: "ಸರ್ಕಾರ ಯಾಕ್ರೀ ಕೊಡಬೇಕು, ಬೇಕಾದೋರು ಮನೆಯಿಂದ ತಗೊಂಡ್ಹೋಗ್ಲಿ." ನಾವೀಗ ಮನೆಯಿಂದಲೇ ತಗೊಂಡು ಹೋಗಿದ್ದು.

ಸರ್ಕ್ಯುಲರ್ ಹುಡುಕಿ ತೆಗೆದೆ. ಬೇರೆಯವರು ಬರೆದ ಡಾಕ್ಯುಮೆಂಟುಗಳನ್ನ ಓದಿ ತಪ್ಪು ಹುಡುಕೋದೇ ಆಫೀಸಿನಲ್ಲಿ ನನ್ನ ಕೆಲಸ. ಅದೇ ಕಣ್ಣಲ್ಲಿ ಇದನ್ನೂ ಓದಿದೆ. ಇರೋದು ಇಂಗ್ಲಿಷಿನಲ್ಲಿ, ಸಾರಾಂಶ ಹೇಳ್ತೀನಿ. ಶುರುವಾಗೋದು "ಪ್ರೀತಿಯ ತಾಯಂದಿರೇ" ಅಂತ. ನಮ್ಮ ಮನೆಯಲ್ಲಿ ಡಬ್ಬಿ ಕಟ್ಟೋದು ನಾನು. ಹೆಂಡತಿ ಎಂಟು ಗಂಟೆ ಒಳಗೆ ಗುಬ್ಬಿ ಬಸ್ಸು ಹಿಡೀಬೇಕು, ನನಗೆ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ, ಉಳಿದ ದಿನ ಒಂಬತ್ತರ ಮೇಲೆ ಹೊರಟರೂ ನಡೆಯುತ್ತೆ. ಹಾಗಾಗಿ ಈ ಪತ್ರ ನನಗೆ ಬರೆದಿದ್ದೇ ಅಲ್ಲ ಅಂತ ವಾದ ಮಾಡಬಹುದಿತ್ತು.

ತಾಯಂದಿರ ಕೆಳಗೆ ಟೈಮ್‌ಟೇಬಲ್. ಸೋಮವಾರ ಚಪಾತಿ ಪಲ್ಯ, ಮಂಗಳವಾರ ಇಡ್ಲಿ, ಬುಧವಾರ ರೈಸ್ ಐಟಂ, ಗುರುವಾರ ದೋಸೆ, ಶುಕ್ರವಾರ ಪೂರಿ ಅಥವಾ ಪರೋಟ, ಶನಿವಾರ ಅರ್ಧ ದಿನವಾದ್ದರಿಂದ ಹಣ್ಣು. ಕ್ಯಾತಸಂದ್ರದ ತಟ್ಟೆ ಇಡ್ಲಿಗೆ ಹೆಸರಾದ ಊರಲ್ಲಿ ಮಂಗಳವಾರ ಇಡ್ಲಿ ಅಂದರೆ ನಮಗೆ ತೊಂದರೆಯೇನಿಲ್ಲ, ನಾಲ್ಕು ತುಂಡು ಮಾಡದೆ ಅದು ಡಬ್ಬಿಗೆ ಇಳಿಯಲ್ಲ ಅನ್ನೋದು ಬಿಟ್ಟರೆ. ಆದರೆ ಆರು ದಿನದ ಪಟ್ಟಿಯಲ್ಲಿ ರಾಗಿ ಎಲ್ಲೂ ಇಲ್ಲ. ತುಮಕೂರು ಜಿಲ್ಲೆಯಲ್ಲಿ! ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸಿ, ಕೊನೆಗೆ ರಾಮನ ಬಾಯಲ್ಲೇ ರಾಗಿ ಗೆದ್ದಿತು ಅಂತ ತೀರ್ಪು ಕೊಡಿಸಿದರು. ಮಗಳ ಸ್ಕೂಲಿನಲ್ಲಿ ಆ ಕೇಸು ಮತ್ತೆ ನಡೆದು ತೀರ್ಪು ತಿರುಗಿದ ಹಾಗಿದೆ. ಪಟ್ಟಿ ಮಾಡಿದವರಿಗೆ ರಾಗಿ ಮೇಲೆ ದ್ವೇಷ ಅಂತ ನಾನು ಹೇಳಲ್ಲ. ಡಬ್ಬಿ ಅಂದರೆ ಹೀಗಿರಬೇಕು ಅಂತ ಅವರ ತಲೆಯಲ್ಲಿ ಒಂದು ಚಿತ್ರ ಇದೆ, ಆ ಚಿತ್ರದಲ್ಲಿ ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿ ಇಲ್ಲ, ಅಷ್ಟೇ. ಇಲ್ಲ ಅನ್ನೋದು ಅವರಿಗೆ ಗೊತ್ತೂ ಆಗಿಲ್ಲ.

ಮುಖ್ಯವಾದ ವಾಕ್ಯ ಟೈಮ್‌ಟೇಬಲ್ಲಿನ ಕೆಳಗಿದೆ. ಮಕ್ಕಳ ಆರೋಗ್ಯ, ತರಗತಿಯಲ್ಲಿ ಬರುವ ತೀಕ್ಷ್ಣ ವಾಸನೆ ಮತ್ತು ಸಹಪಾಠಿಗಳ ಭಾವನೆಗಳನ್ನು ಗಮನದಲ್ಲಿಟ್ಟುಕೊಂಡು ಮೊಟ್ಟೆ, ಮಾಂಸ, ಮೀನು, ಜಂಕ್ ಫುಡ್ ಕಡ್ಡಾಯವಾಗಿ ನಿಷೇಧ. ಒಂದೇ ಉಸಿರಿನಲ್ಲಿ ಮೂರು ಕಾರಣ. ಆಫೀಸಿನಲ್ಲಿ ಯಾರಾದರೂ ಒಂದು ನಿರ್ಧಾರಕ್ಕೆ ಮೂರು ಕಾರಣ ಕೊಟ್ಟರೆ ನಾನು ಮೂರನ್ನೂ ಬಿಡಿಸಿ ನೋಡ್ತೀನಿ. ಯಾಕಂದ್ರೆ ಒಂದು ಬಿದ್ದರೆ ಇನ್ನೊಂದರ ಹಿಂದೆ ಅಡಗಿಕೊಳ್ಳಬಹುದು. ಆರೋಗ್ಯ ಅಲ್ವಲ್ಲ ಅಂದರೆ ವಾಸನೆ ಅನ್ನಬಹುದು, ವಾಸನೆ ಎಲ್ಲಿದೆ ಅಂದರೆ ಭಾವನೆ ಅನ್ನಬಹುದು. ಮೊಟ್ಟೆಯನ್ನ ಚಿಪ್ಸ್ ಪ್ಯಾಕೆಟ್ಟಿನ ಪಕ್ಕ ಕೂರಿಸಿರೋದೂ ಇದೇ ಜಾಣತನ.

ಆರೋಗ್ಯವನ್ನ ಬೇಗ ಮುಗಿಸ್ತೀನಿ, ಅದು ಗಟ್ಟಿ ಕಾರಣವೇ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ, ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಇಂಥ ರಾಜ್ಯದಲ್ಲಿ ಆರೋಗ್ಯದ ಹೆಸರಲ್ಲಿ ಮೊಟ್ಟೆ ವಾಪಸ್ ಕಳಿಸೋದನ್ನ ಯಾವ ಡಾಕ್ಟರೂ ಒಪ್ಪಲ್ಲ. ಜಂಕ್ ಫುಡ್ ಬಗ್ಗೆ ಕಾನೂನೇ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿನಿಸುಗಳನ್ನ ಶಾಲೆಯ ಆವರಣದಲ್ಲಾಗಲಿ ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರೋ ಹಾಗಿಲ್ಲ. ಗಮನಿಸಿ, ನಿಯಮ ಕೈ ಹಾಕಿರೋದು ಮಾರೋದಕ್ಕೆ. ಕ್ಯಾಂಟೀನ್, ಅಂಗಡಿ, ಜಾಹೀರಾತು. ಅಂದರೆ ಜವಾಬ್ದಾರಿ ಶಾಲೆಯ ಮೇಲಿದೆ. ಮಗಳ ಶಾಲೆಯ ಸ್ಟೇಷನರಿ ಕೌಂಟರಿನಲ್ಲಿ ಐದು ರೂಪಾಯಿ ಪ್ಯಾಕೆಟ್ಟುಗಳ ಮಾಲೆ ಈ ಜೂನ್‌ನಲ್ಲೂ ನೇತಾಡ್ತಿತ್ತು. ಹುಟ್ಟುಹಬ್ಬ ಬಂದರೆ ಕ್ಲಾಸಿಗೆಲ್ಲ ಚಾಕೊಲೇಟ್ ಹಂಚಬಹುದು, ಕೇಕು ಕೂಡ. ಬೇಕರಿ ಕೇಕಿನಲ್ಲಿರೋ ಮೊಟ್ಟೆಯನ್ನ ಯಾರೂ ತೆಗೆದು ತೋರಿಸು ಅನ್ನಲ್ಲ.

ವಾಸನೆ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು. ಬೇಯಿಸಿದ ಮೊಟ್ಟೆ ಐದು ಗಂಟೆ ಡಬ್ಬಿಯಲ್ಲಿ ಕೂತರೆ ವಾಸನೆ ಬರುತ್ತೆ, ನಿಜ. ನಾನು ಸುಳ್ಳು ಹೇಳಲ್ಲ. ಆದರೆ ಮೂಲಂಗಿ ಸಾಂಬಾರು? ಹಿಂಗು ಜಾಸ್ತಿಯಾದ ಪುಳಿಯೋಗರೆ? ಬೆಳ್ಳುಳ್ಳಿ ಒಗ್ಗರಣೆ? ಆ ತಿಂಗಳು ಹಲಸಿನ ಕಾಲ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಎಂಥ ಊರು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಸಿದ್ದು ಹಲಸು ಅಂತ ಈಗ ಹೆಸರು ಮಾಡಿರೋ ಕೆಂಪು ತೊಳೆ ತಳಿ ಅಲ್ಲಿಯದೇ. ಹೆಂಡತಿ ಅಲ್ಲಿಂದ ತಂದ ಹಣ್ಣಿನ ಎಂಟು ತೊಳೆ ಮೊಟ್ಟೆಯ ಹಿಂದಿನ ವಾರ ಮಗಳ ಡಬ್ಬಿಯಲ್ಲಿ ಹೋಗಿತ್ತು. ಹಲಸಿನ ಹಣ್ಣನ್ನ ಮುಚ್ಚಿದ ರೂಮಿನಲ್ಲಿ ಇಟ್ಟು ನೋಡಿದವರಿಗೆ ಗೊತ್ತು, ಪಕ್ಕದ ಬೀದಿಗೂ ಸುದ್ದಿ ಹೋಗುತ್ತೆ. ಅವತ್ತು ಮಿಸ್ಸು ಒಂದು ತೊಳೆ ಇಸ್ಕೊಂಡು ತಿಂದರಂತೆ. ಅಂದರೆ ಸರ್ಕ್ಯುಲರ್ ಹೇಳೋ ತೀಕ್ಷ್ಣತೆ ಮೂಗಿಗೆ ಸಂಬಂಧಪಟ್ಟಿದ್ದಲ್ಲ. ಯಾವ ವಾಸನೆಯನ್ನ ಪರಿಮಳ ಅನ್ನಬೇಕು, ಯಾವುದನ್ನ ನಾತ ಅನ್ನಬೇಕು ಅನ್ನೋದನ್ನ ನಾವು ಯಾವ ಮನೆಯಲ್ಲಿ ಹುಟ್ಟಿದ್ವಿ ಅನ್ನೋದು ಹೇಳಿಕೊಡುತ್ತೆ. ಆ ಮನೆಯ ಪಾಠವನ್ನ ಇಡೀ ಕ್ಲಾಸಿನ ನಿಯಮ ಮಾಡಿದಾಗ ಮಿಕ್ಕ ಮನೆಯ ಮಕ್ಕಳು ತಮ್ಮ ಡಬ್ಬಿಯನ್ನ ಮೂಸಿ ನೋಡೋಕೆ ಶುರು ಮಾಡ್ತಾರೆ. ಎರಡು ಸಲ ತೊಳೆದರೂ ಬರ್ತಿದೆ ಅಂತಾರೆ.

ಈಗ ಭಾವನೆ. ಇದನ್ನ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಮರುದಿನ ಗೇಟಿನ ಹತ್ತಿರ ಮಗಳ ಕ್ಲಾಸ್‌ಮೇಟ್ ಹುಡುಗನ ತಾಯಿ ಸಿಕ್ಕರು. ವಿಷಯ ಅವರಿಗೆ ಗೊತ್ತಿತ್ತು, ಮಕ್ಕಳು ಹೇಳದೇ ಇರ್ತಾರಾ. "ಬೇಜಾರ್ ಮಾಡ್ಕೋಬೇಡಿ ಸರ್, ನಾವು ಮುಟ್ಟೋದೇ ಇಲ್ಲ. ಮಕ್ಳು ಒಬ್ರ ಡಬ್ಬಿಗೆ ಒಬ್ರು ಕೈ ಹಾಕ್ತಾರೆ. ನನ್ ಮಗ ಗೊತ್ತಿಲ್ದೆ ತಿಂದ್ಬಿಟ್ರೆ ನಾನು ನಮ್ಮತ್ತೆಗೆ ಏನು ಹೇಳ್ಲಿ?" ನಿಜವಾದ ಭಯ ಅದು. ನಲವತ್ತು ಮಕ್ಕಳು, ಇಪ್ಪತ್ತು ನಿಮಿಷ, ಒಬ್ಬ ಮಿಸ್ಸು. ಏನಾದರೂ ಎಡವಟ್ಟಾದರೆ ಬೈಸಿಕೊಳ್ಳೋಳು ಅವಳೇ.

ಆದರೆ ಈ ಭಯಕ್ಕೆ ಗುಬ್ಬಿ ಕಡೆಯ ಆ ಸಣ್ಣ ಶಾಲೆಯಲ್ಲಿ ದಿನಾ ಒಂದು ಉತ್ತರ ನಡೀತಿದೆ. ಅಲ್ಲೂ ಮೊಟ್ಟೆ ಮುಟ್ಟದ ಮನೆಯ ನಾಲ್ಕು ಮಕ್ಕಳಿದ್ದಾರೆ. ಅದೇ ಸಾಲಿನಲ್ಲಿ ಕೂರ್ತಾರೆ, ಪಕ್ಕದವನ ತಟ್ಟೆಯಲ್ಲಿ ಮೊಟ್ಟೆ, ಇವರ ತಟ್ಟೆಯಲ್ಲಿ ಬಾಳೆಹಣ್ಣು. ಮೊದಲ ವಾರ ಒಬ್ಬಳು ಮೂಗು ಮುಚ್ಚಿಕೊಂಡಳಂತೆ. ನನ್ನ ಹೆಂಡತಿ ಅವಳಿಗೂ ಏನೂ ಅನ್ನಲಿಲ್ಲ, ಪಕ್ಕದವನಿಗೂ ಎದ್ದು ಹೋಗು ಅನ್ನಲಿಲ್ಲ. ಮೂರನೇ ವಾರಕ್ಕೆ ಬಾಳೆಹಣ್ಣಿನ ಸಿಪ್ಪೆ ಮೊಟ್ಟೆ ಸಿಪ್ಪೆ ಒಂದೇ ಬುಟ್ಟಿಗೆ ಬೀಳ್ತಿತ್ತು. ತಿನ್ನಲ್ಲ ಅನ್ನೋ ಮಗುವನ್ನ ತಿನ್ನು ಅನ್ನೋ ಹಾಗಿಲ್ಲ, ತಿನ್ನೋ ಮಗುವನ್ನ ಅಡಗಿಸೋ ಹಾಗಿಲ್ಲ. ಏಳು ವರ್ಷದ ಮಕ್ಕಳಿಗೆ ಅರ್ಥವಾಗಿರೋ ವಿಷಯ ಇದು.

ಎಲ್ಲಾ ಕಡೆ ಹೀಗೇ ಆಗಿದೆ ಅಂತಲ್ಲ. 2025ರ ಜುಲೈನಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ, ಶಾಲೆಯಲ್ಲಿ ಮೊಟ್ಟೆ ಬೇಯಿಸೋದು ಬೇಡ ಅಂತ ಹಟ ಹಿಡಿದ ಪೋಷಕರು ಮಕ್ಕಳ ವರ್ಗಾವಣೆ ಪತ್ರ ತಗೊಂಡು ಬೇರೆ ಶಾಲೆಗಳಿಗೆ ಸೇರಿಸಿದ್ದು ಪತ್ರಿಕೆಗಳಲ್ಲಿ ಬಂತು. ಅದರ ಹಿಂದಿನ ವರ್ಷ, 2024ರ ಸೆಪ್ಟೆಂಬರ್‌ನಲ್ಲಿ, ಉತ್ತರ ಪ್ರದೇಶದ ಅಮ್ರೋಹಾದಲ್ಲಿ ಉಲ್ಟಾ ಕಥೆ. ಡಬ್ಬಿಯಲ್ಲಿ ಮಾಂಸದೂಟ ತಂದ ಅಂತ ಖಾಸಗಿ ಶಾಲೆಯ ಪ್ರಿನ್ಸಿಪಾಲರು ಒಬ್ಬ ಪುಟ್ಟ ಹುಡುಗನ ಬಗ್ಗೆ ಅವನ ತಾಯಿಯ ಎದುರೇ ಆಡಿದ ಮಾತುಗಳ ವಿಡಿಯೋ ನೀವು ನೋಡಿರಬಹುದು. ವಿಷಯ ಅಲಹಾಬಾದ್ ಹೈಕೋರ್ಟಿಗೆ ಹೋಯ್ತು. ಆ ಡಿಸೆಂಬರ್‌ನಲ್ಲಿ ಕೋರ್ಟು, ಆ ಮನೆಯ ಮಕ್ಕಳನ್ನ ಬೇರೆ ಶಾಲೆಗೆ ಸೇರಿಸಿ ಅಂತ ಜಿಲ್ಲಾಡಳಿತಕ್ಕೆ ಹೇಳಿತು. ಎರಡೂ ಕಡೆ ಶಾಲೆ ಬದಲಾಯಿಸಿದ್ದು ಮಕ್ಕಳೇ.

ಇಷ್ಟೆಲ್ಲ ಬರೆದರೂ, ನನ್ನ ವಾದಕ್ಕೆ ನಿಜವಾದ ಪೆಟ್ಟು ಕೊಟ್ಟಿದ್ದು ಕುಣಿಗಲ್ಲಿನಲ್ಲಿರೋ ನನ್ನ ತಂಗಿ. ಅವಳ ಮಗ ಅಲ್ಲೊಂದು ಸಣ್ಣ ಖಾಸಗಿ ಶಾಲೆಗೆ ಹೋಗ್ತಾನೆ. ಅಲ್ಲಿ ಮೊಟ್ಟೆಗೆ ತಕರಾರಿಲ್ಲ, ಆದರೆ ಎಲ್ಲ ಮಕ್ಕಳೂ ದಿನಕ್ಕೆ ಒಂದೇ ತಿಂಡಿ ತರಬೇಕು. ಫೋನಲ್ಲಿ ನಾನು ಹಾರಾಡಿದ್ದನ್ನ ಕೇಳಿಸಿಕೊಂಡು ಅವಳು ಅಂದಳು: "ಅಣ್ಣ, ನೀನು ದೊಡ್ ದೊಡ್ಡದಾಗಿ ಮಾತಾಡ್ತೀಯ. ನಮ್ ಕ್ಲಾಸಲ್ಲಿ ಒಬ್ಬ ಹುಡ್ಗ ದಿನಾ ಪನೀರು, ಪಾಸ್ತಾ ತರ್ತಿದ್ದ. ನನ್ ಮಗ ಉಪ್ಪಿಟ್ಟು ಬೇಡ ಅಂತ ಡಬ್ಬಿ ಎಸೆದ. ಎಲ್ಲಾರೂ ಒಂದೇ ತರ್ಬೇಕು ಅಂದ್ಮೇಲೆ ಆ ಗಲಾಟೆ ನಿಂತಿದೆ." ನಾನು ಸುಮ್ಮನಾದೆ. ಇದು ಸಮಾನತೆಯ ಮಾತು. ವಾಸನೆ ಭಾವನೆಗಳ ಮಾತಿಗಿಂತ ಎಷ್ಟೋ ಪಟ್ಟು ಪ್ರಾಮಾಣಿಕ.

ನಾನು ಓದುವಾಗ ನಮ್ಮ ಡಬ್ಬಿಯನ್ನ ಯಾರೂ ತಪಾಸಣೆ ಮಾಡ್ತಿರಲಿಲ್ಲ. ಹಾಗಂತ ಆ ಕಾಲ ಚೆನ್ನಾಗಿತ್ತು ಅಂತ ಬರೆದರೆ ತಂಗಿ ನಗ್ತಾಳೆ. ಕುಣಿಗಲ್ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಆಗಿನ್ನೂ ಬಿಸಿಯೂಟ ಇರಲಿಲ್ಲ. ರೊಟ್ಟಿ, ಚಟ್ನಿ, ಕೆಲವೊಮ್ಮೆ ರಾತ್ರಿ ಉಳಿದ ಸಾರಿನಲ್ಲಿ ಕಲಸಿದ ಅನ್ನ. ಅರಳಿಮರದ ಕಟ್ಟೆಯ ಸುತ್ತ ಗುಂಪು ಗುಂಪಾಗಿ ಕೂರ್ತಿದ್ವಿ, ಯಾವ ಗುಂಪಿನಲ್ಲಿ ಯಾರು ಅನ್ನೋದನ್ನ ಊರೇ ನಿರ್ಧಾರ ಮಾಡಿ ಕಳಿಸ್ತಿತ್ತು. ಡಬ್ಬಿಯ ಮುಚ್ಚಳವನ್ನ ಗೋಡೆ ಥರ ಅಡ್ಡ ಹಿಡಿದುಕೊಂಡು ತಿನ್ನೋದು ನನಗೆ ಇವತ್ತಿಗೂ ಅಭ್ಯಾಸ. ಆಫೀಸಿನ ಪ್ಯಾಂಟ್ರಿಯಲ್ಲಿ ಗೆಳೆಯರು ಆಡಿಕೊಳ್ತಾರೆ. ಕೆಲವರು ಡಬ್ಬಿಯನ್ನೇ ತರ್ತಿರಲಿಲ್ಲ, ಮನೆಗೆ ಹೋಗಿ ಬರ್ತೀವಿ ಅಂತ ಕೆರೆ ಕಡೆ ಹೋಗಿ ನೀರು ಕುಡಿದು ಬರ್ತಿದ್ದರು. ಮನೆಯ ಡಬ್ಬಿ ಅಂದರೆ ಸ್ವಾತಂತ್ರ್ಯ ಅಂತ ಹೇಳೋ ಮುಂಚೆ ಇದನ್ನ ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ತಂಗಿಯ ಮಾತು ಸರಿಯಾ? ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ಅವಳು ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಏಳೂಕಾಲಕ್ಕೆ ಕಂಪನಿ ಬಸ್ಸು. ಸೋಮವಾರ ಚಪಾತಿ ಅಂದರೆ ನಾಲ್ಕೂವರೆಗೆ ಏಳಬೇಕು, ಯಾಕಂದ್ರೆ ಗಂಡನಿಗೂ ಅತ್ತೆಗೂ ಮುದ್ದೆ ಸಾರು ಬೇರೆ ಆಗಬೇಕು. "ಮುದ್ದೆ ಸಾರಿನ ಜೊತೆ ಒಂದ್ ಹಿಡಿ ಅನ್ನ ಇಟ್ಟು ಅದನ್ನೇ ಡಬ್ಬಿಗೆ ಹಾಕೋ ಹಂಗಿದ್ರೆ ಐದೂವರೆವರೆಗೂ ಮಲಗಬಹುದಿತ್ತು ಅಣ್ಣ." ಗುರುವಾರ ದೋಸೆ ಅಂದರೆ ಬುಧವಾರ ರಾತ್ರಿ ರುಬ್ಬಬೇಕು, ಕರೆಂಟು ಇರಬೇಕು. ಒಂದು ಗುರುವಾರ ಹಿಟ್ಟು ಕೆಟ್ಟು, ಹುಡುಗನಿಗೆ ಚಿತ್ರಾನ್ನ ಹಾಕಿ ಕಳಿಸಿದ್ದಕ್ಕೆ ಅವನು ಡಬ್ಬಿಯನ್ನೇ ತೆಗೀಲಿಲ್ಲವಂತೆ.

ಅಲ್ಲಿಗೆ ನನಗೆ ವಿಷಯ ಸ್ಪಷ್ಟವಾಯ್ತು. ಎಲ್ಲರಿಗೂ ಒಂದೇ ಊಟ ಅನ್ನೋದು ಒಳ್ಳೆ ಆಸೆ. ಆದರೆ ಅದನ್ನ ಈಡೇರಿಸೋಕೆ ಇರೋದು ಒಂದೇ ದಾರಿ: ಹಾಗೆ ಹೇಳಿದವರೇ ಒಲೆ ಹಚ್ಚಬೇಕು. ಅದು ನಮ್ಮ ಊರಿಗೆ ಹೊಸ ವಿಷಯವೂ ಅಲ್ಲ. ಕ್ಯಾತಸಂದ್ರ ದಾಟಿ ಸಿದ್ಧಗಂಗಾ ಮಠಕ್ಕೆ ಹೋಗಿ ನೋಡಿ. ಜಾತಿ ಕೇಳದೆ ಸೇರಿಸಿಕೊಂಡ ಸಾವಿರಾರು ಮಕ್ಕಳು ಸಾಲಾಗಿ ಕೂತು ಮುದ್ದೆ ಸಾರು ಉಣ್ತಾರೆ. ಅಲ್ಲಿ ಮೊಟ್ಟೆ ಇಲ್ಲ. ನನಗೆ ಅದರ ಬಗ್ಗೆ ಒಂದು ಮಾತೂ ಇಲ್ಲ, ಯಾಕಂದ್ರೆ ಬೆಳಗಿನ ಜಾವ ಎದ್ದು ಅಷ್ಟು ದೊಡ್ಡ ಹಂಡೆಗೆ ಹಿಟ್ಟು ಹಾಕೋರು ಅವರು, ಏನು ಬೇಯಿಸಬೇಕು ಅನ್ನೋದೂ ಅವರದೇ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ನನ್ನ ಜೊತೆ ಕೆಲಸ ಮಾಡೋ ಎಷ್ಟೋ ಜನ ಅಲ್ಲಿ ಉಂಡವರು ಅಂತ ನನಗೆ ಮೊದಲ ಸಲ ಗೊತ್ತಾಗಿದ್ದು. ಸರ್ಕಾರದ ಬಿಸಿಯೂಟದ ಹೆಸರು ಕೂಡ ಅಕ್ಷರ ದಾಸೋಹ. ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶ ಕೊಟ್ಟ ಮೇಲೆ ಹರಡಿದ್ದು ಅದು. ಜಪಾನಿನಲ್ಲಿ 1954ರಿಂದ ಶಾಲೆಯ ಊಟಕ್ಕೆ ಅಂತಲೇ ಕಾನೂನಿದೆ. ಎಲ್ಲರಿಗೂ ಒಂದೇ ಊಟ, ಟೀಚರಿಗೂ ಅದೇ, ಬಡಿಸೋದು ಮಕ್ಕಳೇ. ಇವರೆಲ್ಲ ಒಲೆ ಹಚ್ಚಿದವರು.

ಒಲೆ ಹಚ್ಚೋದು ಎಂಥ ತಲೆನೋವು ಅನ್ನೋದನ್ನ ನಾನು ಮನೆಯಲ್ಲೇ ನೋಡ್ತೀನಿ. ಗ್ಯಾಸು, ಸಿಪ್ಪೆ ಸುಲಿಯೋ ಕೂಲಿ ಎಲ್ಲ ಸೇರಿಸಿ ಒಂದು ಮೊಟ್ಟೆಗೆ ಸಿಗೋದು 6 ರೂಪಾಯಿ. ಮಾರ್ಕೆಟ್ಟಿನಲ್ಲಿ ರೇಟು ಏರಿದ ತಿಂಗಳು ಹೆಂಡತಿ ಶಾಲೆಯ ಹೆಡ್‌ಮಾಸ್ಟರು ಕೈಯಿಂದ ಹಾಕ್ತಾರೆ. ಎಷ್ಟು ಮಕ್ಕಳು ಬಂದರು, ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು ಅಂತ ದಿನಾ ಲೆಕ್ಕ ಬರೀಬೇಕು. ಮೊದಲು ಕಡಲೆ ಚಿಕ್ಕಿಯನ್ನೂ ಕೊಡ್ತಿದ್ದರು, ಸಕ್ಕರೆ ಮತ್ತು ಕೊಬ್ಬು ಜಾಸ್ತಿ ಅಂತ 2025ರಲ್ಲಿ ಅದು ನಿಂತಿತು. ತಪ್ಪಾದರೆ ಕೇಳಬಹುದು, ಬದಲಾಯಿಸಬಹುದು, ಪೇಪರಿನಲ್ಲಿ ಬರುತ್ತೆ, ವಿಧಾನಸಭೆಯಲ್ಲೂ ಬರುತ್ತೆ. ಮಗಳ ಸ್ಕೂಲಿನ ಪಟ್ಟಿಯನ್ನ ಯಾರು ಮಾಡಿದರು ಅಂತ ಕೇಳೋಕೆ ನನಗೆ ಎರಡು ವಾರ ಬೇಕಾಯ್ತು.

ಕೊನೆಗೆ ಒಂದು ಶನಿವಾರ ಕೋಆರ್ಡಿನೇಟರ್ ಮೇಡಂ ಹತ್ತು ನಿಮಿಷ ಕೊಟ್ಟರು. ಒಳ್ಳೆ ಮಾತು, ಕಾಫಿ ಬೇಕಾ ಅಂತ ಕೇಳಿದರು. ನಾನು ಆರೋಗ್ಯ ಅಂದೆ, ಅವರು ವಾಸನೆ ಅಂದರು. ನಾನು ಹಲಸು ಅಂದೆ, ಅವರು ಭಾವನೆ ಅಂದರು. ಗುಬ್ಬಿ ಶಾಲೆಯ ಬಾಳೆಹಣ್ಣಿನ ವಿಷಯ ಹೇಳಿದೆ. "ಸರ್, ಅದು ಗೌರ್ಮೆಂಟ್ ಸ್ಕೂಲ್. ನಮ್ದು ಪ್ಯೂರ್ ವೆಜ್ ಕ್ಯಾಂಪಸ್" ಅಂದರು. ಹೈವೇ ಹೋಟೆಲ್ಲಿನ ಬೋರ್ಡಿನ ಮಾತು ಅದು. ಹೋಟೆಲ್ಲಿನವರು ಹಾಗೆ ಬರೆದುಕೊಂಡರೆ ತಪ್ಪಿಲ್ಲ, ಅಡುಗೆ ಅವರದು. ಇವರ ಕ್ಯಾಂಪಸ್ಸಿನಲ್ಲಿ ಅಡುಗೆಮನೆಯೇ ಇಲ್ಲ. ನೋಯ್ಡಾದ ಒಂದು ದೊಡ್ಡ ಶಾಲೆ 2024ರಲ್ಲಿ ಇಂಥದೇ ಪತ್ರ ಕಳಿಸಿ ಸುದ್ದಿಯಾದಾಗ, ಇದು ಬರೀ ವಿನಂತಿ, ನಿಯಮವಲ್ಲ ಅಂತ ಹೇಳಿತ್ತು. ಅದನ್ನೂ ಹೇಳಿ, ನಿಮ್ಮದೂ ವಿನಂತಿನಾ ಅಂತ ಕೇಳಿದೆ. "ನೀವೇ ವಿನಂತಿ ಅಂದ್ಕೊಳ್ಳಿ ಸರ್." ಹಾಗಾದರೆ ಕಡ್ಡಾಯ ಅನ್ನೋ ಪದ ತೆಗೀರಿ, ಡಬ್ಬಿ ತೆಗೆಸಿ ನೋಡೋದು ನಿಲ್ಲಿಸಿ ಅಂದೆ. ಮ್ಯಾನೇಜ್‌ಮೆಂಟಿಗೆ ತಿಳಿಸ್ತೀನಿ ಅಂದರು.

ಮಾದರಿ ನಮೀಬಿಯಾದಷ್ಟು ದೂರ ಇಲ್ಲ ಮೇಡಂ, ಗುಬ್ಬಿಯಲ್ಲಿದೆ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಮಗಳು ಇನ್ನೂ ಎಂಟು ವರ್ಷ ಅಲ್ಲೇ ಓದಬೇಕಲ್ಲ.

ಜುಲೈ ಒಂದು ದಿನ ಅವಳ ಸ್ಕೂಲಿಗೆ ಮಾತ್ರ ರಜೆ ಬಂತು. ಹೆಂಡತಿ ಅವಳನ್ನ ತನ್ನ ಜೊತೆ ಬಸ್ಸಿನಲ್ಲಿ ಕರ್ಕೊಂಡು ಹೋದಳು. ಮಧ್ಯಾಹ್ನ ಸಾಲಿನಲ್ಲಿ ಕೂರಿಸಿದಾಗ ಇವಳು ಮೊಟ್ಟೆ ಬೇಡ ಅಂದಳಂತೆ. ಬಾಳೆಹಣ್ಣು ಕೊಟ್ಟರು, ತಿಂದಳು. ಪಕ್ಕದ ಹುಡುಗಿ ಯಾಕೆ ನಿಮ್ಮನೇಲಿ ತಿನ್ನಲ್ವಾ ಅಂತ ಕೇಳಿದ್ದಕ್ಕೆ, ತಿಂತೀವಿ, ಆದ್ರೆ ಸ್ಕೂಲಲ್ಲಿ ತಿನ್ನಬಾರದು ಅಂದಳಂತೆ. ರಾತ್ರಿ ಹೆಂಡತಿ ಇದನ್ನ ಹೇಳುವಾಗ ಅವಳಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ. ಅವಳು ಹುಟ್ಟಿದಾಗಿಂದ ಮೊಟ್ಟೆ ಅಂದರೆ ಪ್ರಾಣ. ಈಗ ಭಾನುವಾರ ಮಾತ್ರ ತಿಂತಾಳೆ, ತಿಂದ ಮೇಲೆ ಸೋಪು ಹಾಕಿ ಕೈ ತೊಳೆದು ಮೂಸಿ ನೋಡ್ತಾಳೆ.

ಮುಂದಿನ ಪೋಷಕರ ಸಭೆ ಎರಡನೇ ಶನಿವಾರ. ಹೋಗಿ ಮಾತಾಡೋದು ಅಂತ ನಾಲ್ಕು ಜನ ಒಪ್ಪಿದ್ದೀವಿ. ನಾಲ್ಕರಲ್ಲಿ ಒಬ್ಬರು ಆ ಗೇಟಿನ ಹತ್ತಿರ ಸಿಕ್ಕ ತಾಯಿ. ನನ್ನ ಮಗ ತಿನ್ನದೇ ಇರೋ ಹಾಗೆ ನಾನು ಹೇಳಿಕೊಡ್ತೀನಿ, ನಿಮ್ಮ ಮಗಳ ಡಬ್ಬಿ ತೆಗೆಸೋದು ನನಗೂ ಸರಿ ಕಾಣಲಿಲ್ಲ ಅಂತ ಅವರಾಗೇ ಫೋನ್ ಮಾಡಿದ್ದರು. ಐದನೆಯವರು ಬರ್ತೀನಿ ಅಂದಿದ್ದರು, ಅವರ ಎರಡನೇ ಮಗುವಿಗೆ ಎಲ್‌ಕೆಜಿ ಸೀಟು ಇನ್ನೂ ಆಗಿಲ್ಲ, ಅದಾಗಲಿ ಅಂದಿದ್ದಾರೆ. ನಾವು ಕೇಳೋದು ಮೂರೇ: ಟೈಮ್‌ಟೇಬಲ್ ಸಲಹೆಯಾಗಿರಲಿ, ಪತ್ರದಿಂದ ವಾಸನೆ ಅನ್ನೋ ಪದ ಹೋಗಲಿ, ಕೌಂಟರಿನ ಪ್ಯಾಕೆಟ್ ಮಾಲೆ ಇಳಿಯಲಿ. ಪತ್ರವನ್ನ ಕನ್ನಡದಲ್ಲಿ ಟೈಪ್ ಮಾಡಿದ್ದೀನಿ. ಶುರುವಿಗೆ ಪ್ರೀತಿಯ ತಾಯಂದಿರೇ ತಂದೆಯರೇ ಅಂತ ಸಂಬೋಧನೆ ಇರಲಿ ಅಂತಲೂ ಸೇರಿಸೋಣ ಅಂದೆ, ಅದು ಬೇಡ, ವಿಷಯ ಬೇರೆ ಕಡೆ ಹೋಗುತ್ತೆ ಅಂತ ಆ ತಾಯಿಯೇ ತೆಗೆಸಿದರು.